ಲೈಟ್ ಬಿಲ್, ಊರಿನ ಪಹಣಿ, ಮೊಮ್ಮಗನ ಫೋಟೊ: ಹಿರಿಯರಿಗೆ ಮೊಬೈಲ್ ಕಲಿಸಲು ಎಲ್ಲಿಂದ ಶುರು ಮಾಡೋದು?

ಡೊಂಬಿವಲಿ ಸೊಸೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಬಿಲ್ಡಿಂಗ್‌ನ ಸೊಸೈಟಿ ಆಫೀಸಿನಲ್ಲಿ ಭಾನುವಾರ ಸಂಜೆ ನಾಲ್ಕರಿಂದ ಐದೂವರೆವರೆಗೆ ಹಿರಿಯರಿಗೆ ಮೊಬೈಲ್ ಹೇಳಿಕೊಡಲು ಶುರು ಮಾಡಿದ್ದೇನೆ. ಬರುವವರಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಉಡುಪಿ, ಕುಂದಾಪುರದವರು ಜಾಸ್ತಿ. ಒಂದೆರಡು ಮನೆ ವಿಜಯಪುರದವರು.

ಮೊದಲ ವಾರ ಹನ್ನೊಂದು ಜನ ಬಂದರು. ನಾನು ಮೋಸದ ಬಗ್ಗೆ ಮೂವತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಓಟಿಪಿ ಮೋಸ, ಕೆವೈಸಿ ಮೋಸ, ಲಾಟರಿ ಮೋಸ, ಎಲ್ಲ. ಎರಡನೇ ವಾರ ನಾಲ್ಕೇ ಜನ. ಮೂರನೇ ಮಹಡಿಯ ಆಂಟಿಯನ್ನು ಲಿಫ್ಟ್‌ನಲ್ಲಿ ಕೇಳಿದೆ. "ನೀನು ಹೇಳಿದ ಮೇಲೆ ನಾನು ನೆಟ್ಟೇ ಬಂದ್ ಮಾಡಿಟ್ಟೆ ಮಗಾ. ಯಾರಿಗೆ ಬೇಕು ಈ ಉಸಾಬರಿ?" ಅಂದರು. ಕಲಿಸಲು ಹೋಗಿ, ಕಲಿತಿದ್ದನ್ನೂ ಬಿಡಿಸಿದೆ.

ನಮ್ಮ ಮಾವನವರಿಗೆ ಮೋಸದ ಚಿಂತೆಯೇ ಇಲ್ಲ. ಅವರ ಪ್ರಶ್ನೆ ಬೇರೆ. "ವಾಟ್ಸಾಪಲ್ಲಿ ಕಾಗದ ಬಂತು. ಒತ್ತಿದೆ, ಓದಿದೆ, ಹಿಂದೆ ಬಂದೆ. ಈಗ ಅದು ಎಲ್ಲಿ ಹೋಗಿ ಕೂತಿದೆ?" ನಾನು "ಡೌನ್‌ಲೋಡ್ಸ್‌ನಲ್ಲಿ" ಅಂದೆ. "ಅದೆಲ್ಲಿ?" ಅಂದರು. ಹದಿನೈದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ದುಡಿಯುವ ನಾನು ಉತ್ತರ ಹೇಳಲು ತಡವರಿಸಿದೆ.

ಫೈಲ್ ತೆರೆಯೋದು, ಬೇಕಾದ್ದನ್ನು ಹುಡುಕೋದು, ಹಣ ಕಟ್ಟೋದು. ಈ ಮೂರನ್ನೇ ಇಟ್ಟುಕೊಳ್ಳೋಣ ಅಂತಿದ್ದೇನೆ. ಯಾವುದು ಮೊದಲು? ಹೇಗೆ? ಮನೆಯಲ್ಲಿ ಕಲಿಸಿದವರು, ಕಲಿತವರು ದಯವಿಟ್ಟು ಹೇಳಿ.

ಹೋಟ್ಲು ಮಾಣಿ, ವಡಾಲಾ · ಸೋಮವಾರ, ರಾತ್ರಿ 10:25

ತಂಗೀ, ನಾನು 1971ರಲ್ಲಿ ಮುಂಬಯಿಗೆ ಬಂದಾಗ ನನಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಆಗ ಅಲ್ಲಿ ನಮ್ಮಂಥ ಹೋಟೆಲ್ ಹುಡುಗರೇ ತುಂಬಿರುತ್ತಿದ್ದರು. ನಮ್ಮ ಮಾಸ್ಟ್ರು ಮೊದಲ ದಿನ ಅ ಆ ಇ ಈ ಬರೆಸಲಿಲ್ಲ. "ನೀನು ಇವತ್ತು ಯಾರ್ಯಾರಿಗೆ ಏನೇನು ಕೊಟ್ಟೆ, ಅದನ್ನು ಬರಿ" ಅಂದರು. ಇಡ್ಲಿ ಎರಡು, ಬನ್ಸ್ ಒಂದು, ಕಾಫಿ ಒಂದು. ಹದಿನೈದು ದಿನದಲ್ಲಿ ನಾನು ಬಿಲ್ ಓದುತ್ತಿದ್ದೆ. ಅ ಆ ಇ ಈ ಆಮೇಲೆ ತಾನಾಗಿ ಬಂತು.

ನಿಮ್ಮ ಮೂವತ್ತು ಸ್ಲೈಡ್ ಬದಿಗಿಡಿ. ಬಂದವರನ್ನು ಕೇಳಿ, ನಿಮಗೇನು ಆಗಬೇಕು ಅಂತ. ಒಬ್ಬರಿಗೆ ಮೊಮ್ಮಗನ ಫೋಟೊ, ಒಬ್ಬರಿಗೆ ಲೈಟ್ ಬಿಲ್, ಇನ್ನೊಬ್ಬರಿಗೆ ಊರಿನ ಜಾಗದ ಪಹಣಿ. ಅಲ್ಲಿಂದ ಶುರು ಮಾಡಿ.

ಮುಲುಂಡ್ ಮೇಷ್ಟ್ರು · ಸೋಮವಾರ, ರಾತ್ರಿ 11:05

ಮಾಣಿಯವರ ಮಾತಿಗೆ ನನ್ನದೂ ಒಂದು ಓಟು.

ಸೊಸೆಯವರೇ, ನಿಮ್ಮ ಮಾವನವರ ಪ್ರಶ್ನೆ ಸಣ್ಣದಲ್ಲ. ಕಾಗದ ಅಂದಮೇಲೆ ಅದಕ್ಕೊಂದು ಜಾಗ ಇರಬೇಕು. ಬೀರು, ಟ್ರಂಕು, ಕೊನೆಗೆ ಹಾಸಿಗೆಯ ಕೆಳಗೆ. ಮೊಬೈಲ್ ಆ ಜಾಗ ತೋರಿಸೋದೇ ಇಲ್ಲ. ಕಾಗದ ತೋರಿಸಿ ಮಾಯ ಮಾಡಿಬಿಡುತ್ತದೆ.

ನಾನು ಹೇಳಿಕೊಡೋದು ಹೀಗೆ. ವಾಟ್ಸಾಪ್‌ನಲ್ಲಿ ಬಂದದ್ದು ಮತ್ತೆ ಬೇಕಾದರೆ ಕಳಿಸಿದವರ ಚಾಟ್ ತೆರೆದು, ಮೇಲೆ ಅವರ ಹೆಸರನ್ನು ಒತ್ತಿ. ಅಲ್ಲಿ ಮೀಡಿಯಾ, ಲಿಂಕ್ಸ್, ಡಾಕ್ಸ್ ಅಂತ ಇರುತ್ತದೆ. ಡಾಕ್ಸ್‌ನಲ್ಲಿ ಅವರು ಕಳಿಸಿದ ಕಾಗದಗಳೆಲ್ಲ ಒಂದೇ ಕಡೆ ಸಿಗುತ್ತವೆ. ವೆಬ್‌ಸೈಟಿನಿಂದ ಇಳಿಸಿಕೊಂಡದ್ದಾದರೆ ಆಂಡ್ರಾಯ್ಡ್ ಫೋನಿನ ಫೈಲ್ಸ್ ಆಪ್, ಅದರೊಳಗೆ ಡೌನ್‌ಲೋಡ್ಸ್. ಆ ಆಪನ್ನು ಫೋನಿನ ಮೊದಲ ಪುಟಕ್ಕೆ ಎಳೆದು ಇಟ್ಟುಕೊಡಿ. ನನ್ನ ಅಣ್ಣ ಅದಕ್ಕೆ "ಟ್ರಂಕು" ಅಂತಲೇ ಕರೆಯುತ್ತಾನೆ.

ಆಮೇಲೆ ಬಾಲ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿ ಆದಮೇಲೆ ಬರುತ್ತದಲ್ಲ, ಅದಕ್ಕೆ ನಾನು ಬಾಲ ಅನ್ನುತ್ತೇನೆ. ಪಿಡಿಎಫ್ ಅಂದರೆ ಓದುವ ಕಾಗದ. ಜೆಪಿಜಿ ಫೋಟೊ. ಡಿಓಸಿಎಕ್ಸ್, ಬಾಯಲ್ಲಿ ಡಾಕ್ಸ್ ಅನ್ನೋ ಬಾಲ ಇದ್ದರೆ ತಿದ್ದಬಹುದಾದ ಕಾಗದ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುತ್ತದೆ. ಜಿಪ್ ಅಂದರೆ ಗಂಟು, ಬಿಚ್ಚಿದ ಮೇಲೇ ಒಳಗೇನಿದೆ ಅಂತ ಗೊತ್ತಾಗೋದು. ಎಪಿಕೆ ಮಾತ್ರ ಕಾಗದವೇ ಅಲ್ಲ, ಫೋನಿಗೆ ಆಪ್ ಹಾಕುವ ಫೈಲ್. ಅದು ನಿಮ್ಮ ಮನೆಗೆ ಬಂದು ಠಿಕಾಣಿ ಹೂಡುವ ಆಸಾಮಿ. ನಿಮ್ಮ ಮೆಸೇಜ್ ಓದುತ್ತಾನೆ, ಬಂದ ಓಟಿಪಿಯನ್ನು ಇನ್ಯಾರಿಗೋ ದಾಟಿಸುತ್ತಾನೆ. ಮದುವೆ ಕಾಗದ ಎಪಿಕೆ ಆಗಿ ಬರುವುದಿಲ್ಲ. ಟ್ರಾಫಿಕ್ ದಂಡದ ಚಲನ್ ಬರುವುದಿಲ್ಲ. ಬ್ಯಾಂಕಿನ ಕೆವೈಸಿಯೂ ಬರುವುದಿಲ್ಲ. ಪರಿಚಯದವರ ನಂಬರಿನಿಂದ ಬಂದರೂ ಅಷ್ಟೆ. ಅವರ ಫೋನಿಗೆ ಮೊದಲೇ ಆ ಆಸಾಮಿ ಹೊಕ್ಕಿರಬಹುದು.

ಅದನ್ನು ಒತ್ತಿದ ತಕ್ಷಣ ಏನೂ ಆಗುವುದಿಲ್ಲ, ಇದನ್ನೂ ಹೇಳಿ. ಇಲ್ಲದಿದ್ದರೆ ಬೆರಳು ತಾಗಿತು ಅಂತಲೇ ಬೆವರುತ್ತಾರೆ. "ಗೊತ್ತಿಲ್ಲದ ಕಡೆಯ ಆಪ್ ಹಾಕಲು ಅನುಮತಿ ಕೊಡುತ್ತೀರಾ?" ಅಂತ ಫೋನ್ ಕೇಳುತ್ತದೆ. ಅಲ್ಲಿ ಬೇಡ ಅಂದು ಹಿಂದೆ ಬಂದರೆ ಮುಗಿಯಿತು.

ಕಂಪ್ಯೂಟರಿನಲ್ಲಿ ವಿಂಡೋಸ್ ಈ ಬಾಲವನ್ನು ಬಚ್ಚಿಡುತ್ತದೆ. ಬಿಲ್.ಪಿಡಿಎಫ್.ಇಎಕ್ಸ್‌ಇ ಅನ್ನೋ ಪ್ರೋಗ್ರಾಂ (ಕಂಪ್ಯೂಟರಿನ ಎಪಿಕೆ ಅನ್ನಿ) ಬರೀ ಬಿಲ್.ಪಿಡಿಎಫ್ ಅಂತ ಕಾಣುತ್ತದೆ. ಯಾಕೆ ಹೀಗೆ ಮಾಡಿದರೋ ದೇವರೇ ಬಲ್ಲ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಒತ್ತಿ. ಬಾಲ ಹೊರಗೆ ಬರುತ್ತದೆ.

ನಾಲಾಸೋಪಾರಾ ಶೆಟ್ರು · ಮಂಗಳವಾರ, ಬೆಳಿಗ್ಗೆ 7:15

ಮೇಷ್ಟ್ರೇ, ನಡುವೆ ನನ್ನದೊಂದು. ಊರಿನ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಬಂದಿದೆ. ಬಾಲ ನೋಡಿದೆ, ಡಾಕ್ಸ್. ತೆರೆದರೆ ಪೂರ್ತಿ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಕೊಂಬು, ಚುಕ್ಕಿ. ಒಂದು ಪದ ಅರ್ಥ ಆಗಲಿಲ್ಲ. ವೈರಸ್ ಇರಬಹುದಾ?

ಮುಲುಂಡ್ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7:50

ವೈರಸ್ ಅಲ್ಲ ಶೆಟ್ರೇ, ಹಳೆ ನುಡಿ. ಊರಿನ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಾರೆ. ಅವುಗಳಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ಕಟ್ಟುತ್ತದೆ. ನಿಮ್ಮ ಫೋನಿನಲ್ಲಿ ಆ ಫಾಂಟು ಇಲ್ಲ. ಹಾಗಾಗಿ ಯಕ್ಷಗಾನದ ಚೌಕಿಯಲ್ಲಿ ಕಿರೀಟ ಕಳಚಿಟ್ಟ ವೇಷಧಾರಿಯ ಹಾಗೆ ಕಾಣುತ್ತಿದೆ. ಕಳಿಸಿದವರಿಗೆ ಫೋನ್ ಮಾಡಿ, ಪಿಡಿಎಫ್ ಮಾಡಿ ಕಳಿಸಿ ಅನ್ನಿ. ಪಿಡಿಎಫ್ ತನ್ನ ಫಾಂಟನ್ನು ತನ್ನ ಜೊತೆಗೇ ಕಟ್ಟಿಕೊಂಡು ಬರುತ್ತದೆ. ನೀವೇ ತಿದ್ದಬೇಕಾದರೆ ಈ ಹಳೆಯ ಬಗೆಯ (ಆಸ್ಕಿ) ಅಕ್ಷರಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನಿನಲ್ಲೂ ಕಾಣುವ ಕನ್ನಡಕ್ಕೆ, ಬದಲಿಸುವ ಪರಿವರ್ತಕ ಬೇಕು. ನುಡಿ, ಬರಹ ಎರಡರ ಜೊತೆಗೂ ಬರುತ್ತದೆ.

ನಾಲಾಸೋಪಾರಾ ಶೆಟ್ರು · ಮಂಗಳವಾರ, ಬೆಳಿಗ್ಗೆ 11:30

ಪಿಡಿಎಫ್ ಬಂತು. ನನ್ನ ಹೆಸರು ದಾನಿಗಳ ಪಟ್ಟಿಯಲ್ಲಿ ಎರಡನೇ ಪುಟಕ್ಕೆ ಹೋಗಿದೆ. ಅರ್ಥ ಆಗದೇ ಇದ್ದರೇ ಚೆನ್ನಾಗಿತ್ತು.

ಘಾಟ್ಕೋಪರ್ ಗೃಹಿಣಿ · ಮಂಗಳವಾರ, ಮಧ್ಯಾಹ್ನ 2:10

ನಮ್ಮ ಅಪ್ಪ ಇ-ಆಧಾರ್ ಪಿಡಿಎಫ್ ಇಳಿಸಿಕೊಂಡಿದ್ದಾರೆ, ಪಾಸ್‌ವರ್ಡ್ ಕೇಳುತ್ತಿದೆ. ಎಟಿಎಂ ಪಿನ್ ಹಾಕಿ ಹಾಕಿ ಸಾಕಾಗಿ ಕೂತಿದ್ದಾರೆ. ಇನ್ನೊಂದು, ಅಮೆರಿಕದಿಂದ ತಮ್ಮ ಕಳಿಸುವ ಫೋಟೊ ಕಂಪ್ಯೂಟರಿನಲ್ಲಿ ತೆರೆಯೋದೇ ಇಲ್ಲ. ಬಾಲ ಹೆಚ್‌ಇಐಸಿ ಅಂತಿದೆ.

ಡೊಂಬಿವಲಿ ಸೊಸೆ · ಮಂಗಳವಾರ, ಮಧ್ಯಾಹ್ನ 2:45

ಅಕ್ಕ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಎಲ್ಲ ದೊಡ್ಡಕ್ಷರದಲ್ಲಿ. ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ, ನಾಲ್ಕು ಅಂಕೆ. ನಡುವೆ ಜಾಗ ಬಿಡಬಾರದು. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಬೇಕು. ಎಟಿಎಂ ಪಿನ್ ಎಲ್ಲೆಂದರಲ್ಲಿ ಹಾಕುವ ಅಭ್ಯಾಸ ಮಾತ್ರ ಬಿಡಿಸಿ.

ಫೋಟೊ ಐಫೋನಿನದ್ದು. ತಮ್ಮನಿಗೆ ಅವರ ಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಲು ಹೇಳಿ. ಆಮೇಲೆ ತೆಗೆದ ಫೋಟೊಗಳು ಜೆಪಿಜಿ ಆಗಿ ಬರುತ್ತವೆ.

ವಾಶಿ ಅಕ್ಕ · ಮಂಗಳವಾರ, ಸಂಜೆ 6:30

ಹುಡುಕೋದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕಳೆದುಕೊಂಡದ್ದು ಅಲ್ಲೇ. ನನಗೆ ವಯಸ್ಸು 46, ಅಕೌಂಟ್ಸ್ ಕೆಲಸ. ಹಿರಿಯರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ.

ಊರಿನಿಂದ ಅಮ್ಮ ಹಲಸಿನ ಹಪ್ಪಳ ಕಳಿಸಿದ್ದರು. ಪಾರ್ಸೆಲ್ ಒಂದು ವಾರ ಆದರೂ ಬರಲಿಲ್ಲ. ಗೂಗಲ್‌ನಲ್ಲಿ ಕೊರಿಯರ್ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಹುಡುಕಿದೆ. ಮೊದಲು ಬಂದ ನಂಬರಿಗೆ ಫೋನ್ ಮಾಡಿದೆ. ಒಂದೇ ರಿಂಗ್‌ಗೆ ಎತ್ತಿದರು. ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ನಿಜವಾದ ಕಸ್ಟಮರ್ ಕೇರ್ ಯಾವತ್ತು ಒಂದೇ ರಿಂಗ್‌ಗೆ ಎತ್ತಿದ್ದಾರೆ! ಬಹಳ ಮರ್ಯಾದೆಯ ಹಿಂದಿ. "ಮೇಡಂ, ಅಡ್ರೆಸ್ ಅರ್ಧ ಇದೆ, ಐದು ರೂಪಾಯಿ ಕಟ್ಟಿ, ನಾಳೆ ತಲುಪುತ್ತದೆ" ಅಂದ. ಒಂದು ಫೈಲ್ ಕಳಿಸಿದ. ಈಗ ಮೇಷ್ಟ್ರು ಬಾಲ ಅಂದಾಗ ನೆನಪಾಯಿತು, ಅದು ಎಪಿಕೆ. ಅನುಮತಿ ಕೇಳಿದ್ದಕ್ಕೆಲ್ಲ ಹೂಂ ಅಂದೆ. ಐದು ರೂಪಾಯಿ ಕಟ್ಟಲು ಅದರಲ್ಲೇ ಕಾರ್ಡಿನ ನಂಬರ್ ತುಂಬಿದೆ. ಆ ಸಂಜೆ ಎರಡು ಸಲ ಹಣ ಹೋಯಿತು. ಮೊದಲು 8,600, ಆಮೇಲೆ 14,000.

ಯಜಮಾನರ ಫೋನಿನಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ಹಣ ಹೋಗಿ ನಲವತ್ತು ನಿಮಿಷ ಆಗಿತ್ತು. ಎರಡನೆಯದ್ದು ಇನ್ನೂ ಯಾವುದೋ ಖಾತೆಯಲ್ಲಿ ಕೂತಿತ್ತು, ಅಲ್ಲೇ ತಡೆದರು. ತಿಂಗಳುಗಟ್ಟಲೆ ಓಡಾಡಿ ಅದು ವಾಪಸ್ ಬಂತು. ಮೊದಲನೆಯದ್ದು ಹೋದದ್ದು ಹೋಯಿತು. ಹಪ್ಪಳ ಮರುದಿನ ತಾನಾಗೇ ಬಂತು.

ಗೂಗಲ್‌ನಲ್ಲಿ ಮೇಲೆ ಬಂದದ್ದು ಸರಿಯಾದದ್ದು ಅಂತ ನಾನು ನಂಬಿದ್ದೆ. ಮೇಲೆ ಸ್ಪಾನ್ಸರ್ಡ್ ಅಂತ ಸಣ್ಣಕ್ಷರದಲ್ಲಿ ಇದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದಲ್ಲದೆ ಸುಮ್ನೆ ಯಾರೋ ಬರೆದಿಟ್ಟ ನಂಬರುಗಳೂ ಇರುತ್ತವೆ. ಈಗ ನಾನು ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದೇ ಇಲ್ಲ. ಬ್ಯಾಂಕಿನದ್ದಾದರೆ ಕಾರ್ಡಿನ ಹಿಂದೆ, ಲೈಟಿನದ್ದಾದರೆ ಬಿಲ್ಲಿನ ಮೇಲೆ, ಪಾರ್ಸೆಲ್‌ನದ್ದಾದರೆ ರಸೀದಿಯ ಮೇಲೆ.

ಸಾಯನ್ ನಿವೃತ್ತ · ಮಂಗಳವಾರ, ರಾತ್ರಿ 8:20

36 ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ವಾಶಿಯವರು ಬೇರೆ ಫೋನಿನಿಂದ ಕರೆ ಮಾಡಿದ್ದು ಸರಿಯಾಯಿತು. ಅಂಥ ಆಪ್ ಹೊಕ್ಕ ಫೋನನ್ನು ಮೊದಲು ಏರೋಪ್ಲೇನ್ ಮೋಡಿಗೆ ಹಾಕಿ, ನೆಟ್ ಕಡಿಯಬೇಕು. 1930ಕ್ಕೆ ಹೇಳಿದ ಮೇಲೆ ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್‌ನಲ್ಲಿ ದೂರು ದಾಖಲಿಸಬೇಕು. ಬ್ಯಾಂಕಿಗೂ ತಿಳಿಸಿ, ತಿಳಿಸಿದ್ದಕ್ಕೆ ದೂರಿನ ನಂಬರ್ ತೆಗೆದುಕೊಳ್ಳಬೇಕು. ಯುಪಿಐ ಆಗಿದ್ದರೆ 12 ಅಂಕೆಯ ರೆಫರೆನ್ಸ್ ನಂಬರ್ ಕೈಯಲ್ಲಿರಲಿ.

ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಹೀಗಿತ್ತು. ನಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲದ ತಪ್ಪಿನಿಂದ ಹಣ ಹೋದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನಾವೇ ಓಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದ್ದು. ಅಂದರೆ ನಾಚಿಕೆಯಿಂದ ಒಂದು ದಿನ ಸುಮ್ಮನೆ ಕೂತರೆ ಆ ದಿನದ ನಷ್ಟವೂ ನಮ್ಮ ತಲೆಗೆ. ಕೌಂಟರ್ ಮುಂದೆ ತಲೆ ತಗ್ಗಿಸಿ ನಿಂತು, "ಮಗನಿಗೆ ಹೇಳಬೇಡಿ ಸರ್" ಅಂದ ಎಷ್ಟೋ ಜನರನ್ನು ನೋಡಿದ್ದೇನೆ.

ಅದಕ್ಕೇ ಖಡಾಖಂಡಿತವಾಗಿ ಹೇಳುತ್ತೇನೆ. ಎಪ್ಪತ್ತು ದಾಟಿದವರಿಗೆ ಹಣದ ವ್ಯವಹಾರ ಫೋನಿನಲ್ಲಿ ಬೇಡವೇ ಬೇಡ. ಫೋಟೊ ನೋಡಲಿ, ಭಜನೆ ಕೇಳಲಿ. ಬಿಲ್ಲು ಮಕ್ಕಳು ಕಟ್ಟಲಿ.

ಹೋಟ್ಲು ಮಾಣಿ, ವಡಾಲಾ · ಮಂಗಳವಾರ, ರಾತ್ರಿ 8:45

ನಿವೃತ್ತರೇ, ನಿಮಗೆಷ್ಟು ವಯಸ್ಸು ಮಾರಾಯ್ರೇ?

ಸಾಯನ್ ನಿವೃತ್ತ · ಮಂಗಳವಾರ, ರಾತ್ರಿ 8:52

69.

ಬೊರಿವಲಿ ಅಜ್ಜಿ · ಬುಧವಾರ, ಬೆಳಿಗ್ಗೆ 10:15

ಇದನ್ನು ನಾನು ಬಾಯಲ್ಲಿ ಹೇಳುತ್ತಾ ಇದ್ದೇನೆ, ಫೋನೇ ಬರೆದುಕೊಳ್ಳುತ್ತಾ ಇದೆ. ಕೀಬೋರ್ಡಿನಲ್ಲಿ ಮೈಕ್ ಚಿತ್ರ ಒತ್ತಿ ಕನ್ನಡ ಅಂತ ಇಟ್ಟರೆ ಆಯಿತು. ತಪ್ಪಿದ್ದರೆ ಅದರದ್ದು. ಮೊನ್ನೆ ಸೊಸೆ ಚೆನ್ನಾಗಿದ್ದಾಳೆ ಅಂದರೆ ದೋಸೆ ಚೆನ್ನಾಗಿದೆ ಅಂತ ಬರೆದು ಬೀಗಿತ್ತಿಗೆ ಕಳಿಸಿತ್ತು.

ನಿವೃತ್ತರಿಗೆ ಒಂದು ಮಾತು. ನನಗೆ 74. ನಮ್ಮ ಯಜಮಾನರು ಹೋದ ಮೇಲೆ ಪಿಂಚಣಿ ನನ್ನ ಹೆಸರಿಗೆ ಬಂತು. ಮಗ ದುಬೈಯಲ್ಲಿ. ನನಗೆ ಎಟಿಎಂ ಅಂದರೆ ಹೆದರಿಕೆ. ಸಂಬಂಧದ ಒಬ್ಬ ಹುಡುಗ ತಿಂಗಳು ತಿಂಗಳು ಬಂದು ಕಾರ್ಡ್ ತೆಗೆದುಕೊಂಡು ಹೋಗಿ ಹಣ ತಂದುಕೊಡುತ್ತಿದ್ದ. ಬಹಳ ಒಳ್ಳೆಯ ಹುಡುಗ, ಹೂವು ಹಣ್ಣು ಸಹ ತರುತ್ತಿದ್ದ. ಎಂಟು ತಿಂಗಳ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಪ್ರತಿ ತಿಂಗಳೂ ನಾನು ಹೇಳಿದ್ದಕ್ಕಿಂತ ಐನೂರು, ಸಾವಿರ ಜಾಸ್ತಿ ತೆಗೆದಿದ್ದ. ಪಿನ್ ಕೊಟ್ಟವಳು ನಾನೇ. ಅವನಿಗೆ ಯಾವ ಎಪಿಕೆಯೂ ಬೇಕಾಗಲಿಲ್ಲ.

ಹಾಗಾಗಿ ಕಲಿತೆ. ಮೊಮ್ಮಗಳು ರಜೆಗೆ ಬಂದಿದ್ದಳು. ಎರಡು ದಿನ ಅವಳು ಕಲಿಸಿದ್ದು ಹೇಗೆ ಗೊತ್ತಾ? "ಕೊಡಿ ಅಜ್ಜಿ" ಅಂತ ಫೋನ್ ಕಿತ್ತುಕೊಂಡು ಟಕ ಟಕ ಒತ್ತಿ "ನೋಡಿ, ಇಷ್ಟೇ" ಅನ್ನುತ್ತಿದ್ದಳು. ಏನು ನೋಡೋದು, ಅವಳ ಉಗುರಿನ ಬಣ್ಣವಾ? ಮೂರನೇ ದಿನ ನಾನು ಹೇಳಿದೆ, "ನೀನು ಕೈ ಹಿಂದೆ ಕಟ್ಟಿಕೊಂಡು ನಿಲ್ಲು. ಬಾಯಲ್ಲಿ ಮಾತ್ರ ಹೇಳು." ಆವತ್ತು ಅವಳಿಗೇ ಒಂದು ರೂಪಾಯಿ ಕಳಿಸಿದೆ. ಅವಳು ನನಗೆ ವಾಪಸ್ ಕಳಿಸಿದಳು. ಹಣ ಬರುವಾಗ ನನಗೆ ಪಿನ್ ಕೇಳಲೇ ಇಲ್ಲ! ಕಳಿಸುವಾಗ ಮಾತ್ರ ಕೇಳಿತ್ತು. ಹಾಗೆ ಹತ್ತು ಸಲ ಒಂದೊಂದು ರೂಪಾಯಿ ಅತ್ತ ಇತ್ತ ಮಾಡಿದೆವು, ಚೆನ್ನೆಮಣೆ ಆಡಿದ ಹಾಗೆ. ಇನ್ನು ಯಾರಾದರೂ "ಹಣ ಬರುತ್ತದೆ, ಪಿನ್ ಹಾಕಿ" ಅಂದರೆ ನನಗೆ ಯಾರ ಸ್ಲೈಡೂ ಬೇಡ.

ಮರುದಿನ ಲೈಟ್ ಬಿಲ್ ಕಟ್ಟಿದೆ. ಒಂದು ಗಂಟೆ ಇಪ್ಪತ್ತು ನಿಮಿಷ ಆಯಿತು. ಮೊಮ್ಮಗಳ ಕೈ ಹಿಂದೆಯೇ ಇತ್ತು. ಪಾಪ, ಬಹಳ ಕಷ್ಟಪಟ್ಟಳು.

ವಾಶಿ ಅಕ್ಕ · ಬುಧವಾರ, ಬೆಳಿಗ್ಗೆ 10:40

ಅಜ್ಜೀ, ನಿಮ್ಮ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ನಾನೂ ಅಮ್ಮನ ಫೋನ್ ಕಿತ್ತುಕೊಳ್ಳುವವಳೇ.

ಸಾಯನ್ ನಿವೃತ್ತ · ಬುಧವಾರ, ಮಧ್ಯಾಹ್ನ 12:30

ಅಜ್ಜಿಯವರೇ, ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಪೂರ್ತಿ ಅಲ್ಲ, ಅರ್ಧ. ಫೋನಿನಲ್ಲಿ ವ್ಯವಹಾರ ಮಾಡುವ ಖಾತೆಯಲ್ಲಿ ಪಿಂಚಣಿ, ಫಿಕ್ಸೆಡ್ ಡಿಪಾಸಿಟ್ ಎಲ್ಲ ಸೇರಿರಬಾರದು. ನೆಟ್ ಬ್ಯಾಂಕಿಂಗ್ ಒಳಗೆ ಹೊಕ್ಕವನು ಎಫ್‌ಡಿಯನ್ನೂ ಕೂತಲ್ಲೇ ಮುರಿಯಬಲ್ಲ. ಬೇರೆ ಬ್ಯಾಂಕಿನಲ್ಲಿ ಸಣ್ಣ ಖಾತೆ ಇಟ್ಟು, ತಿಂಗಳ ಖರ್ಚಿನಷ್ಟು ಮಾತ್ರ ಅಲ್ಲಿ ಹಾಕಿ. ಯುಪಿಐ ಅದಕ್ಕಷ್ಟೇ ಜೋಡಿಸಿ. ಹಲವು ಬ್ಯಾಂಕ್ ಆಪ್‌ಗಳಲ್ಲಿ ದಿನದ ಮಿತಿಯನ್ನು ನಾವೇ ಇಳಿಸಿಕೊಳ್ಳಬಹುದು.

ವೆಬ್‌ಸೈಟ್ ಬಗ್ಗೆ ಒಂದು ಒಳ್ಳೆಯ ಸುದ್ದಿ. ಬ್ಯಾಂಕುಗಳೆಲ್ಲ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನೋ ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುವುದು. ಯಾರು ಬೇಕಾದರೂ ಕೊಳ್ಳಲು ಆಗುವುದಿಲ್ಲ.

ಡೊಂಬಿವಲಿ ಸೊಸೆ · ಬುಧವಾರ, ಮಧ್ಯಾಹ್ನ 1:05

ಇದು ಗೊತ್ತೇ ಇರಲಿಲ್ಲ ಅಂಕಲ್. ನಾನು "ಬೀಗದ ಚಿತ್ರ ಇದ್ದರೆ ಸೇಫ್" ಅಂತ ಸ್ಲೈಡ್ ಮಾಡಿದ್ದೆ.

ಮುಲುಂಡ್ ಮೇಷ್ಟ್ರು · ಬುಧವಾರ, ಮಧ್ಯಾಹ್ನ 3:40

ಆ ಸ್ಲೈಡ್ ಹರಿದು ಹಾಕಿ. ಬೀಗ ಅಂದರೆ ನಡುದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಅಂತ ಮಾತ್ರ. ಆಚೆ ತುದಿಯಲ್ಲಿ ಕೂತವನು ಒಳ್ಳೆಯವನು ಅಂತಲ್ಲ. ಕಳ್ಳರ ಸೈಟಿಗೂ ಬೀಗ ಇರುತ್ತದೆ. ಇದಕ್ಕೇ ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನೇ ತೆಗೆದುಹಾಕಿತು.

ವಿಳಾಸ ಓದುವುದನ್ನು ನಮ್ಮವರಿಗೆ ಲೋಕಲ್ ಟ್ರೇನ್ ಲೆಕ್ಕದಲ್ಲಿ ಹೇಳಿ. ಡಬ್ಬಿಯ ಮೈಮೇಲೆ ಸೋಪಿನ ಜಾಹೀರಾತು ಬಳಿದಿರುತ್ತಾರೆ, ಸಿನಿಮಾದ್ದೂ ಬಳಿದಿರುತ್ತಾರೆ. ನಾವು ನೋಡೋದು ಇಂಡಿಕೇಟರ್, ಗಾಡಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ. ವೆಬ್ ವಿಳಾಸವೂ ಹಾಗೇ. ಶುರುವಿನ ಎಚ್‌ಟಿಟಿಪಿಎಸ್ ಭಾಗ ಬಿಟ್ಟು ಮೊದಲ ಓರೆಗೆರೆ (/) ಬರುವವರೆಗೆ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ನಿಮ್ಮಬ್ಯಾಂಕ್ ಡಾಟ್ ಕೆವೈಸಿಹೆಲ್ಪ್ ಡಾಟ್ ಕಾಮ್ ಅಂತಿದ್ದರೆ ಗಾಡಿ ಹೋಗೋದು ಕೆವೈಸಿಹೆಲ್ಪ್ ಅನ್ನೋ ಊರಿಗೆ. ನಿಮ್ಮ ಬ್ಯಾಂಕು ಬರೀ ಮೈಮೇಲಿನ ಬಣ್ಣ.

ಹಡಪ್ಸರ್ ಹುಡುಗ, ಪುಣೆ · ಬುಧವಾರ, ಸಂಜೆ 7:10

ಮುಂಬಯಿಯವರ ನಡುವೆ ಪುಣೆಯವ ಬಾಯಿ ಹಾಕ್ತೇನ್ರಿ. ನಮ್ಮ ಅವ್ವಗ ಯುಪಿಐ ಸರ್ಕಲ್ ಮಾಡಿಕೊಟ್ಟಿದ್ದೇನೆ. ಖಾತೆ ನನ್ನದು, ಫೋನು ಅವಳದು. ಭಾಜಿವಾಲಾನ ಸ್ಕ್ಯಾನರ್‌ಗೆ ಅವಳು ಸ್ಕ್ಯಾನ್ ಮಾಡಿದರೆ ಒಪ್ಪಿಗೆ ನನಗೆ ಬರುತ್ತದೆ, ನಾನು ಪಿನ್ ಹಾಕಿದ ಮೇಲೇ ಹಣ ಹೋಗುತ್ತದೆ. ಬೇಕಾದರೆ ಒಂದು ಮಿತಿ ಹಾಕಿ, ಕೇಳದೆ ಖರ್ಚು ಮಾಡಲೂ ಬಿಡಬಹುದು.

ತೊಂದರೆ ಏನಂದ್ರ, ನಾನು ಮೀಟಿಂಗ್‌ನಲ್ಲಿ ಇದ್ದಾಗ ಅವ್ವ ಮೆಂತ್ಯೆ ಸಿವುಡು ಹಿಡಿದುಕೊಂಡು ಮಂಡಿಯಲ್ಲಿ ಹತ್ತು ನಿಮಿಷ ನಿಂತಳು. "ಇಪ್ಪತ್ತು ರೂಪಾಯಿಗೆ ಮಗನ ಅಪ್ಪಣೆ ಬೇಕೇನೋ?" ಅಂತ ರಾತ್ರಿ ಬೈದಳು. ಈಗ ಅಜ್ಜಿ ಬರೆದದ್ದನ್ನು ಓದಿ ತೋರಿಸಿದೆ. ನಾಳೆಯಿಂದ ಅವಳದೇ ಖಾತೆ, ಅವಳದೇ ಪಿನ್.

ಅಂಧೇರಿ ಪಾಟೀಲ · ಬುಧವಾರ, ರಾತ್ರಿ 9:20

ಡಿಜಿಟಲ್ ಅರೆಸ್ಟ್ ಬಗ್ಗೆಯೂ ಹೇಳ್ರಿ. ನಮ್ಮ ಕಾಕಾನಿಗೆ ವಿಡಿಯೊ ಕಾಲ್ ಬಂದಿತ್ತು, ಪೊಲೀಸ್ ಡ್ರೆಸ್, ಹಿಂದೆ ಧ್ವಜ. ಎರಡು ತಾಸು ಬಾತ್‌ರೂಮಿಗೂ ಬಿಟ್ಟಿರಲಿಲ್ಲ.

ಸಾಯನ್ ನಿವೃತ್ತ · ಬುಧವಾರ, ರಾತ್ರಿ 9:35

ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳೇ ರೇಡಿಯೊದಲ್ಲಿ ಹೇಳಿದ್ದರು. ಯಾವ ಪೊಲೀಸರೂ ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ. ಕಾಲ್ ಕಟ್ ಮಾಡಿದರೆ ಅವರ ಜೈಲೂ ಕಟ್.

ಹೋಟ್ಲು ಮಾಣಿ, ವಡಾಲಾ · ಗುರುವಾರ, ಬೆಳಿಗ್ಗೆ 6:30

ಪಹಣಿ ನೋಡುವುದು ಹೇಗೆ ಅಂತ ಯಾರಾದರೂ ಹೇಳಿ. ನಾನೂ ನಾಲ್ಕು ಸಲ ಪ್ರಯತ್ನ ಮಾಡಿದೆ. ಸರ್ವೆ ನಂಬರ್ ಹಾಕುತ್ತೇನೆ, ಅಲ್ಲಿಗೆ ಗಾಡಿ ನಿಲ್ಲುತ್ತದೆ. ಊರಿಗೆ ಹೋದರೆ ತಾಲೂಕು ಆಫೀಸಿನಲ್ಲಿ ದಿನಗಟ್ಟಲೆ ಕಾಯುವ ಕಾಲ ಹೋಯಿತು ಅಂತಾರೆ. ನನಗೆ ಮಾತ್ರ ಹೋಗಿಲ್ಲ.

ಡೊಂಬಿವಲಿ ಸೊಸೆ · ಗುರುವಾರ, ಬೆಳಿಗ್ಗೆ 8:00

ಇದು ನನಗೆ ಗೊತ್ತು! ಕರ್ನಾಟಕದ ಭೂಮಿ ಸೈಟಿಗೇ ಹೋಗಿ. ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್. ಗೂಗಲ್‌ನಲ್ಲಿ ಪಹಣಿ ಅಂತ ಹುಡುಕಿದರೆ ಅದೇ ಬಣ್ಣ ಬಳಿದುಕೊಂಡ ಖಾಸಗಿ ಸೈಟುಗಳೂ ಬರುತ್ತವೆ. ಮೇಷ್ಟ್ರು ಹೇಳಿದ ಹಾಗೆ ಇಂಡಿಕೇಟರ್ ನೋಡಿ. ಆರ್‌ಟಿಸಿ ಅಂತ ಇರುವುದೇ ನಮ್ಮ ಪಹಣಿ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿ. ಆಮೇಲೆ ಸರ್ನೋಕ್ ಅಂತ ಒಂದು ಡಬ್ಬಿ ಬರುತ್ತದೆ. ಎಲ್ಲರೂ ನಿಲ್ಲುವುದು ಅಲ್ಲೇ. ಅದರಲ್ಲಿ ಹೆಚ್ಚಾಗಿ ಬರೀ ಒಂದು ನಕ್ಷತ್ರದ ಗುರುತು ಇರುತ್ತದೆ. ಅದನ್ನೇ ಆರಿಸಬೇಕು, ಆಮೇಲೆ ಹಿಸ್ಸಾ ನಂಬರ್. ಸುಮ್ನೆ ನೋಡಲು ದುಡ್ಡು ಕೊಡಬೇಕಾಗಿಲ್ಲ.

ಹೋಟ್ಲು ಮಾಣಿ, ವಡಾಲಾ · ಗುರುವಾರ, ಬೆಳಿಗ್ಗೆ 8:50

ನಕ್ಷತ್ರ! ನಾನು ಅದನ್ನು ಕನ್ನಡಕದ ಮೇಲಿನ ಕಲೆ ಅಂದುಕೊಂಡಿದ್ದೆ.

ಘಾಟ್ಕೋಪರ್ ಗೃಹಿಣಿ · ಗುರುವಾರ, ಮಧ್ಯಾಹ್ನ 1:20

ಮರಾಠಿ ಓದಲು ಬಾರದವರಿಗೆ ಗೂಗಲ್ ಲೆನ್ಸ್ ತೋರಿಸಿ. ಸೊಸೈಟಿಯ ಮರಾಠಿ ನೋಟಿಸಿಗೆ ಕ್ಯಾಮೆರಾ ಹಿಡಿದು ಟ್ರಾನ್ಸ್‌ಲೇಟ್ ಒತ್ತಿದರೆ ಅದೇ ಕಾಗದದ ಮೇಲೆ ಕನ್ನಡ ಮೂಡುತ್ತದೆ. ನಮ್ಮ ಅತ್ತೆ ನಲವತ್ತು ವರ್ಷದಲ್ಲಿ ಮೊದಲ ಸಲ ನೋಟಿಸ್ ತಾವೇ ಓದಿದರು. ನೀರು ಬರಲ್ಲ ಅಂತ ಇತ್ತು.

ಡೊಂಬಿವಲಿ ಸೊಸೆ · ಭಾನುವಾರ, ರಾತ್ರಿ 8:30

ಇವತ್ತಿನ ವರದಿ. ಸ್ಲೈಡ್ ಒಂದೂ ಇಲ್ಲ. ಆಂಟಿಯ ಮನೆಗೇ ಹೋಗಿ, "ಮೊಮ್ಮಗನ ಫೋಟೊ ಹುಡುಕೋಣ ಬನ್ನಿ" ಅಂದೆ, ನೆಟ್ ಆನ್ ಮಾಡಿಕೊಂಡು ಬಂದರು. ಒಟ್ಟು ಎಂಟು ಜನ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅಜ್ಜಿಯವರೇ, ಅದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯಿತು. ಎರಡು ಸಲ ಕೈ ತಾನಾಗೇ ಮುಂದೆ ಬಂತು. ಎರಡನೇ ಸಲ ಮಾವನವರು ಮೆಲ್ಲಗೆ ಏಟು ಕೊಟ್ಟರು.

ಒಂದೊಂದು ರೂಪಾಯಿಯ ಆಟ ಆಡಿಸಿದೆವು. ವಿಜಯಪುರದ ಕಾಕಾ ಒಂದರ ಬದಲು ಹನ್ನೊಂದು ರೂಪಾಯಿ ಒತ್ತಿ, "ಇರಲಿ, ಆಶೀರ್ವಾದ" ಅಂದರು. ಕಳಿಸುವ ಮೊದಲು ಪರದೆಯಲ್ಲಿ ಬರುವ ಹೆಸರನ್ನು ಜೋರಾಗಿ ಓದಬೇಕು ಅಂತ ನಿಯಮ ಮಾಡಿದ್ದೆ. ಆಗ ತಿಳಿಯಿತು, ನಾಲ್ಕು ಜನಕ್ಕೆ ಆ ಅಕ್ಷರ ಕಾಣುವುದೇ ಇಲ್ಲ! ಇಷ್ಟು ದಿನ ಅಂದಾಜಿನಲ್ಲಿ ಒತ್ತುತ್ತಿದ್ದರಂತೆ. ಉಳಿದ ಸಮಯವೆಲ್ಲ ಸೆಟ್ಟಿಂಗ್ಸ್, ಡಿಸ್ಪ್ಲೇಗೆ ಹೋಗಿ ಅಕ್ಷರ ದೊಡ್ಡದು ಮಾಡುವುದರಲ್ಲೇ ಹೋಯಿತು. ಇದು ಮೊದಲ ಪಾಠ ಆಗಬೇಕಿತ್ತು.

ಮಾವನವರಿಗೆ ಪಹಣಿ ಸಿಕ್ಕಿತು. ಅವರ ಅಪ್ಪನ ಹೆಸರು ತಪ್ಪಾಗಿದೆ. ಈಗ ಅದನ್ನು ಸರಿ ಮಾಡಿಸಲು ಊರಿಗೆ ಹೋಗಲೇಬೇಕು ಅಂತಿದ್ದಾರೆ. ಹಾಗಾಗಿ ಮುಂದಿನ ಭಾನುವಾರ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಟಿಕೆಟ್ ತೆಗೆಯುವ ಪಾಠ. ಈಗ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ. ಕ್ಯಾಪ್ಚಾದ ಸೊಟ್ಟ ಅಕ್ಷರ ಓದಲು ಎಲ್ಲರೂ ಕನ್ನಡಕ ತರಬೇಕು ಅಂತ ಹೇಳಿದ್ದೇನೆ.

ಹೋಟ್ಲು ಮಾಣಿ, ವಡಾಲಾ · ಭಾನುವಾರ, ರಾತ್ರಿ 8:55

ನಾನೂ ಬರಬಹುದಾ ತಂಗೀ? ವಡಾಲಾದಿಂದ ಡೊಂಬಿವಲಿ ಏನೂ ದೂರ ಅಲ್ಲ, ಕುರ್ಲಾದಲ್ಲಿ ಗಾಡಿ ಬದಲಿಸಿದರೆ ಆಯಿತು. ಬನ್ಸ್ ನಾನು ತರುತ್ತೇನೆ. ನಿಮ್ಮ ಆಫೀಸಿನಲ್ಲಿ ಪ್ಲಗ್ ಪಾಯಿಂಟ್ ಎಷ್ಟುಂಟು? ನನ್ನ ಫೋನಿನ ಚಾರ್ಜ್ ನಾಲ್ಕು ಗಂಟೆಗೆಲ್ಲ ಮುಗಿದಿರುತ್ತದೆ.

ಡೊಂಬಿವಲಿ ಸೊಸೆ · ಭಾನುವಾರ, ರಾತ್ರಿ 9:02

ಎರಡೇ ಇವೆ. ಒಂದು ನಿಮಗೆ.